ಎದುರುಮನೆಗೆ ಹೋದ ಜೂರಕಾನ್ ಅಜ್ಜಿ

ನಾರಿನ್ ಊರಿನ ನಮ್ಮ ಬೀದಿಗೆ ಯಾರೇ ಹೊಸದಾಗಿ ಬರಲಿ, ಮೊದಲ ಊಟ ಜೂರಕಾನ್ ಅಜ್ಜಿಯ ಮನೆಯಿಂದಲೇ ಹೋಗುತ್ತಿತ್ತು. ಹೊಸಬರಿಗೆ ಹಳಬರು ಉಣಬಡಿಸಲೇಬೇಕು, ಅದು ನಮ್ಮ ಪದ್ಧತಿ. ಆದರೆ ಜೈಲಿನಿಂದ ಬಿಡುಗಡೆಯಾದ ಆರು ಹೆಂಗಸರಿಗೆಂದು ಅಜ್ಜಿ ಎದುರಿಗಿದ್ದ ತನ್ನ ಖಾಲಿ ಮನೆಯನ್ನು ತೆರೆದಾಗ ಅವಳನ್ನು ಬಿಟ್ಟು ಬೇರೆ ಯಾರೂ ಒಂದು ತುತ್ತು ಕೊಡಲಿಲ್ಲ. ಬದಲಿಗೆ ಪಕ್ಕದ ಮನೆಯ ತೆಮಿರ್‌ಕುಲ್ ಆ ಹೆಂಗಸರನ್ನು ಇಲ್ಲಿಂದ ಕಳಿಸಿ ಎಂದು ಊರ ಕಚೇರಿಗೆ ದೂರು ಬರೆದ, ಬೀದಿಯವರೆಲ್ಲ ಸಹಿ ಹಾಕಿದರು. ನಾಚಿಕೆಗೆಟ್ಟು ನಾನೂ ಹಾಕಿದೆ.

ಅಜ್ಜಿ ಜಗಳಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಪೆಟ್ಟಿಗೆ, ಕೌದಿಗಳನ್ನು ಕೈಗಾಡಿಗೆ ಹೇರಿಕೊಂಡು ಬೀದಿ ದಾಟಿದಳು.

"ಇದೇನಜ್ಜಿ, ಈ ವಯಸ್ಸಲ್ಲಿ ಮನೆ ಬದಲಾಯಿಸ್ತಿದ್ದೀರಾ?" ಎಂದ ತೆಮಿರ್‌ಕುಲ್.

"ಹೂಂ ಕಣೋ. ಇವತ್ತಿಂದ ಈ ಮನೆಗೆ ನಾನೂ ಹೊಸಬಳೇ. ನೀನು ಬಂದಿಳಿದ ದಿನ ನನ್ನ ಕುರಿ ಸಾರು ಎರಡೆರಡು ಸಲ ಹಾಕಿಸ್ಕೊಂಡಿದ್ದೆ, ನೆನಪಿದೆಯಾ?"

ಅವನು ತನ್ನ ಮನೆಯೊಳಗೆ ಹೋದ. ಮಧ್ಯಾಹ್ನ ಒಂದು ಪುಟ್ಟ ಪಾತ್ರೆ ಹಿಡಿದು ಆ ಬಾಗಿಲಿಗೆ ಬಂದ.

"ಇದು ನಿಮಗೆ, ಅಜ್ಜಿ."

"ಈ ಮನೇಲಿ ನಾವು ಏಳು ಜನ ಇದ್ದೀವಪ್ಪಾ," ಎಂದಳು ಅಜ್ಜಿ.

ತೆಮಿರ್‌ಕುಲ್ ಪಾತ್ರೆಯನ್ನು ನೋಡಿದ, ಒಳಗೆ ಕೂತಿದ್ದವರನ್ನು ನೋಡಿದ. ಅಲ್ಲಿಂದ ನೇರ ನಮ್ಮ ಮನೆಗೆ ಬಂದ.

"ನಿಮ್ಮ ದೊಡ್ಡ ಕಡಾಯಿ ತಗೊಂಡು ಬಾ. ನೀನೂ ಸಹಿ ಹಾಕಿದ್ದೆಯಲ್ಲ, ಈರುಳ್ಳಿ ನೀನೇ ಹೆಚ್ಚಬೇಕು."