ಗರಗಸ ಕೊಯ್ದ ತಾಳೆಗರಿ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಹಳೆಯ ತಾಳೆಗರಿ ಕೊಳ್ಳುವ ಹುಚ್ಚಿನಲ್ಲಿ ಹುಮನಾಬಾದಿಗೆ ಹೋಗಿದ್ದೆ. ಅಲ್ಲಿಯ ಅಡತಿ ವ್ಯಾಪಾರಿಯೊಬ್ಬ ದೇವರ ಜಗಲಿಯಿಂದ ವಚನದ ಕಟ್ಟೊಂದನ್ನು ಇಳಿಸಿ ನನಗೆ ಮಾರಿದ. ಪ್ರತಿ ಗರಿಯನ್ನೂ ನಟ್ಟನಡುವೆ ಗರಗಸದಿಂದ ಕೊಯ್ದಿದ್ದರು. ಒಂದು ಸಾಲೂ ಪೂರ್ತಿಯಿರಲಿಲ್ಲ.

"ತಮ್ಮನ ಜೋಡಿ ಪಾಲಾದಾಗ ಕೊಯ್ಸೀವ್ರಿ. ಗರಿ ಎಣಿಸಿ ಹಂಚಿದ್ರ ಛಲೋ ಮಾತೆಲ್ಲ ಅವನ ಪಾಲಿಗೇ ಹೋಗ್ತಿದ್ವು," ಎಂದ.

ಈ ಕತ್ತೆಗಳು ಅದಕ್ಕೆ ದಿನವೂ ವಿಭೂತಿ, ಹೂವು ಬೇರೆ ಏರಿಸುತ್ತಿದ್ದರು!

ಉಳಿದರ್ಧ ಬಸವಕಲ್ಯಾಣದಲ್ಲಿದ್ದ ತಮ್ಮನ ಬಳಿ ಇತ್ತು. ಮರುದಿನವೇ ಅಲ್ಲಿಗೆ ಹೋದೆ. ಅವನೂ ತನ್ನ ಕಟ್ಟನ್ನು ಕಣ್ಣಿಗೊತ್ತಿಕೊಂಡು ಹೊರತಂದ. ನಾನು ಆತುರದಲ್ಲಿ ಅಣ್ಣನ ಅರ್ಧವನ್ನು ಚೀಲದಿಂದ ತೆಗೆದು ಅದರ ಪಕ್ಕಕ್ಕಿಟ್ಟೆ. ಸಾಲುಗಳು ಕೂಡಿಕೊಂಡವು. ಒಂದನ್ನು ಗಟ್ಟಿಯಾಗಿ ಓದಿಯೂಬಿಟ್ಟೆ.

"ಅಣ್ಣ ಮಾರಿದನೇನ್ರಿ?" ಎಂದು ತಮ್ಮ ಕೇಳಿದ.

"ಹೌದು."

"ನಂದೂ ಸೇರಿದ್ರ ಅವಂದು ಪೂರ್ತಿ ಆಗ್ತದಲ್ರಿ?"

ನಾನು ಸಂತೋಷದಿಂದ ತಲೆಯಾಡಿಸಿದೆ. ಅವನು ತನ್ನ ಕಟ್ಟಿಗೆ ಇನ್ನೊಮ್ಮೆ ಕೈಮುಗಿದ. ಒಳಗೆ ಒಯ್ದು, ಹೆಂಡತಿ ರೊಟ್ಟಿ ಸುಡುತ್ತಿದ್ದ ಒಲೆಗೆ ಹಾಕಿದ. ಹೊರಬಂದು ನನ್ನ ಮುಂದೆ ಮಣೆ ಇಟ್ಟ.

"ಉಂಡು ಹೋಗ್ರಿ. ರೊಟ್ಟಿ ಬಿಸಿ ಅದಾವ."