ದಾನಯ್ಯನ ಮರದ ಬಳೆಗಳು

ದಾನಯ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವನ ಬಗ್ಗೆ ಒಳ್ಳೆಯ ಮಾತಾಡಿದರೆ ನೀವು ನಂಬಬಹುದು.

ತೊಂಬತ್ತೆರಡರ ಕಾರ್ತಿಕದಲ್ಲಿ ಅವನು ಕಾಶಿಯ ನಮ್ಮ ಮಠಕ್ಕೆ ಅಡುಗೆಗೆಂದು ಬಂದ. ಗದಗಿನ ಕಡೆಯವನು, ಐವತ್ತು ದಾಟಿದವನು, ಹೆಂಡತಿ ತೀರಿಹೋಗಿದ್ದಳು. ಹನ್ನೊಂದು ವರ್ಷ ಒಂದು ಸರ್ಕಸ್ ಕಂಪನಿಯವರಿಗೆ ಅನ್ನ ಬೇಯಿಸಿದ್ದನಂತೆ. ಕಂಪನಿ ಮುಚ್ಚಿದಾಗ ಅಲ್ಲಿನ ಆಟಗಾರನೊಬ್ಬ ಕೊಟ್ಟ ಎರಡು ಮರದ ಬಳೆಗಳು ಅವನ ಚೀಲದಲ್ಲಿದ್ದವು. ತೊಡುವ ಬಳೆಯಲ್ಲ, ತಿಂಡಿ ತಟ್ಟೆಯಷ್ಟು ಅಗಲದವು. ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಗೆ ಬಕಲ್ಲು ಹಾಕಿ ಅವನ್ನು ಪಡಸಾಲೆಯ ತೊಲೆಯಿಂದ ಇಳಿಬಿಟ್ಟರೆ ಅವನ ಗರಡಿ ಸಿದ್ಧ. ಮುಗಿದ ಮೇಲೆ ಸುತ್ತಿ ಚೀಲಕ್ಕೆ. ಯಾತ್ರೆಗೆ ಹೋದರೂ ಬಗಲಲ್ಲಿ ಅದೇ ಚೀಲ.

ಬೆಳಗ್ಗೆ ಒಲೆ ಹಚ್ಚುವ ಮೊದಲು ಅಂಗೈಗೆ ಬೂದಿ ಉಜ್ಜಿ, ಬಳೆ ಹಿಡಿದು ಮೇಲೇಳುತ್ತಿದ್ದ. ಕಾಲು ನೇರ ಮುಂದಕ್ಕೆ ಚಾಚಿ ಒಂದಷ್ಟು ಹೊತ್ತು, ಆಮೇಲೆ ತಲೆ ಕೆಳಗೆ ಮಾಡಿ ಒಂದಷ್ಟು ಹೊತ್ತು. ಬಳೆ ಅಲುಗುತ್ತಿರಲಿಲ್ಲ. ವಿಶ್ವನಾಥ ಗಲ್ಲಿಗೆ ಹೊರಟ ಯಾತ್ರಿಕರು ಚಪ್ಪಲಿ ಮೆಟ್ಟಿದವರು ಹಾಗೇ ನಿಂತು ನೋಡುತ್ತಿದ್ದರು.

ಮೊದಲು ಅವರು ಹಾಗೆ ನಿಂತು ನೋಡುತ್ತಿದ್ದದ್ದು ನನ್ನನ್ನು. ಮಠದ ಪೂಜೆಯ ಶಂಭುಲಿಂಗಯ್ಯ ಅಖಾಡದಲ್ಲಿ ಜೋಡಿ ಗದೆ ತಿರುಗಿಸುತ್ತಾನೆ ಅಂತ ಕೇದಾರ ಘಾಟಿನ ಇಡ್ಲಿ ಅಂಗಡಿಯವರೆಗೂ ಹೆಸರಿತ್ತು. ಹೊಟ್ಟೆ ಬಂದು, ಗದೆ ಬಿಟ್ಟು ಆರು ವರ್ಷವಾಗಿತ್ತು. ಉಳಿದದ್ದು ಹೆಸರೊಂದೇ, ಅದನ್ನೂ ಈ ಅಡುಗೆಯವನು ನುಂಗಿದ.

ಒಂದು ದಿನ ನನ್ನ ಹೆಂಡತಿ ನೀಲಗಂಗಮ್ಮ ತಾಟಿಗೆ ರೊಟ್ಟಿ ಹಾಕುತ್ತ, "ದಾನಯ್ಯನೋರು ನಿಮಗಿಂತ ಹತ್ತು ವರ್ಷ ದೊಡ್ಡೋರು. ಅವರ ತೋಳು ನೋಡೀರೇನ್ರಿ?" ಅಂದಳು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ.

ಆ ಮಧ್ಯಾಹ್ನ ಅವನು ತರಕಾರಿಗೆ ಹೋದಾಗ ಚೀಲ ಎತ್ತಿಕೊಂಡು ಉಗ್ರಾಣ ಸೇರಿ ಬಾಗಿಲು ಹಾಕಿಕೊಂಡೆ. ಅಲ್ಲಿನ ತೊಲೆಯ ತುಕ್ಕುಹಿಡಿದ ಕೊಂಡಿಗಳಿಗೆ ಪಟ್ಟಿ ಸಿಕ್ಕಿಸಿ ಬಳೆಗೆ ಜೋತುಬಿದ್ದೆ. ಮೇಲೇಳುವುದಿರಲಿ, ತೋಳು ಥರಥರ ನಡುಗಿ ಬಳೆಗಳು ಒಂದೊಂದು ದಿಕ್ಕಿಗೆ ಓಡಿದವು. ಪರ್ರೆಂದು ಸದ್ದಾಯಿತು. ಒಂದು ಪಟ್ಟಿ ಅರ್ಧಕ್ಕೂ ಹೆಚ್ಚು ಹರಿದಿತ್ತು. ಹರಿದ ಜಾಗ ಬಕಲ್ಲಿನ ಕೆಳಗೆ ಮುಚ್ಚಿಹೋಗುವಂತೆ ಮಡಿಚಿ, ಸುತ್ತಿ, ಚೀಲವನ್ನು ಇದ್ದಲ್ಲೇ ಇಟ್ಟೆ. ಹೇಳಿದರೆ ಮಾನ ಹೋಗುತ್ತದೆ ಅಂತ ಮೊದಲು ಸುಮ್ಮನಾದೆ. ಸಂಜೆಯ ಹೊತ್ತಿಗೆ, ಬೀಳಲಿ, ಯಾತ್ರಿಕರ ಎದುರೇ ಬೀಳಲಿ ಅನ್ನಿಸತೊಡಗಿತು.

ಮರುದಿನ ಅದನ್ನು ನೋಡಲೆಂದೇ ಬೇಗ ಎದ್ದು ಕಟ್ಟೆಯ ಮೇಲೆ ಕೂತೆ. ದಾನಯ್ಯ ಬಳೆ ಇಳಿಬಿಟ್ಟು ಬೂದಿ ಉಜ್ಜುತ್ತಿದ್ದ. ಅಷ್ಟರಲ್ಲಿ ಒಂಬತ್ತು ವರ್ಷದ ನನ್ನ ಮಗಳು ಶಿವಗಂಗಾ ಓಡಿಬಂದು, "ಕಾಕಾ, ಆಜ್ ಪೆಹಲೇ ಮೈಂ!" ಅಂತ ಕಾಶಿಯ ಹಿಂದಿಯಲ್ಲಿ, ಇವತ್ತು ಮೊದಲು ತಾನೇ ಎಂದು ಹಟ ಹಿಡಿದಳು. ಅವನು ನಕ್ಕು ಅವಳನ್ನೆತ್ತಿ ಬಳೆ ಹಿಡಿಸಿದ, ಜೋರಾಗಿ ತೂಗಲು ಹಿಂದಕ್ಕೆಳೆದ. ಕೆಳಗೆ ಬರೀ ಕಲ್ಲುಚಪ್ಪಡಿ.

"ಇಳಿಸೋ ಅವಳನ್ನ! ಪಟ್ಟಿ ಹರದದ!" ನಾನು ಚೀರಿದೆ.

ದಾನಯ್ಯ ಅವಳನ್ನು ಎದೆಗವಚಿ ಇಳಿಸಿದ. "ಎಲ್ಲಿರಿ?"

"ಬಕಲ್ಲಿನ ಕೆಳಗ."

ಅವನು ಮಡಿಕೆ ಬಿಚ್ಚಿ ನೋಡಿದ. ಹೊರಗೆ ಕಾಣದ ಹರಕು ನನಗೆ ಹೇಗೆ ಕಂಡಿತು ಅಂತ ಕೇಳಲಿಲ್ಲ. ಹೂ ಬಿಡಿಸುತ್ತಿದ್ದ ನೀಲಗಂಗಮ್ಮ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು.

ದಾನಯ್ಯ ದಬ್ಬಣ ತಂದು ಅಲ್ಲೇ ಕೂತು ಹೊಲಿದ. "ಅಯ್ನೋರ, ನಾಳಿಂದ ನಾ ಹತ್ತೂದಕ್ಕ ಮೊದಲ ನೀವ ಒಮ್ಮೆ ಪಟ್ಟಿ ನೋಡ್ರಿ. ನೀವು ಹೂಂ ಅಂದ ಮ್ಯಾಲ ಹತ್ತತೀನಿ," ಅಂದ.

ಚುಚ್ಚಿ ಆಡಿದ್ದೇನೋ ಅಂತ ಅವನ ಮುಖದಲ್ಲಿ ಹುಡುಕಿದೆ. ಹಾಗಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ. ಹಾಗಿರಲಿಲ್ಲ. ಈಗ ದಿನಾ ಬೆಳಗ್ಗೆ ಪಟ್ಟಿ ಎಳೆದೆಳೆದು ನೋಡಿ ಹೂಂ ಅನ್ನುತ್ತೇನೆ. ಅವನು ಮತ್ತೊಮ್ಮೆ ನೋಡದೆ ತಲೆ ಕೆಳಗೆ ಮಾಡುತ್ತಾನೆ. ಆ ತೋಳು ಕಂಡು ನನಗೀಗ ಏನೂ ಅನ್ನಿಸುವುದಿಲ್ಲ. ನನ್ನಂಥವನನ್ನು ಅಷ್ಟು ಸಲೀಸಾಗಿ ನಂಬುತ್ತಾನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.