ಸಿ.ಡಿ.ಯಿಂದ ನಾನು ಅಳಿಸಿದ ಹೆಸರು

ಪವಾಡ, ಸತ್ತವರ ಸೂಚನೆ ಎಂದರೆ ಮೊದಲಿನಿಂದಲೂ ನನಗೆ ಆಗಿಬರದು. ಯಾರಾದರೂ ಅಂಥ ಕಥೆ ತೆಗೆದರೆ ಮುಖ ಸಿಂಡರಿಸಿ ಎದ್ದುಹೋಗುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನೀವೂ ಎದ್ದುಹೋಗಬಹುದು, ಬೇಜಾರಿಲ್ಲ.

ಮುಂಬೈನ ಬೈಕುಲ್ಲಾದ ನಮ್ಮ ಕನ್ನಡ ಸಂಘದಲ್ಲಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಕಂಪ್ಯೂಟರ್ ಕ್ಲಾಸ್ ನಡೆಯುತ್ತಿತ್ತು. ಎಲ್ಲವೂ ಆಫೀಸಿನವರು ಬಿಸಾಕಿದ ಡಬ್ಬಗಳು. ಏನನ್ನಾದರೂ ಉಳಿಸಿಟ್ಟುಕೊಳ್ಳಲು ಒಂದರಲ್ಲೂ ಹಾರ್ಡ್ ಡಿಸ್ಕ್ ಇರಲಿಲ್ಲ. ಬೊರಿವಲಿಯ ಕುಲಕರ್ಣಿ ಕಾಕಾ ಲಿನಕ್ಸ್‌ಗೆ ಕನ್ನಡ ಅಕ್ಷರ, ಪಾಠ ಎಲ್ಲ ಸೇರಿಸಿ, ಹಾಕಿದರೆ ಸಾಕು ಕಂಪ್ಯೂಟರ್ ಶುರುವಾಗುವಂಥ ಸಿ.ಡಿ. ಮಾಡಿಕೊಟ್ಟಿದ್ದರು. ನನಗೆ ಆ ವಿದ್ಯೆ ಕಲಿಸಿದವರೂ ಅವರೇ. ಶುರುವಾಗುವಾಗ ಪರದೆಯ ಮೇಲೆ ಅವರ ಹೆಸರು, ಕೆಳಗೆ ‘ತಪ್ಪಾದ್ರ ಅಂಜಬ್ಯಾಡ್ರಿ, ಮತ್ತ ಮಾಡ್ರಿ’ ಎಂಬ ಸಾಲು ಬರುತ್ತಿತ್ತು.

ಕಾಕಾ ತೀರಿಕೊಂಡ ಎರಡೇ ತಿಂಗಳಿಗೆ ಸಂಘದ ಕಾರ್ಯದರ್ಶಿ ಬಾಯಿತುಂಬ ಗುಟ್ಕಾ ಇಟ್ಟುಕೊಂಡು ಬಂದ. “ಐತವಾರ ಅಧ್ಯಕ್ಷರು ಕ್ಲಾಸ್ ಉದ್ಘಾಟನಾ ಮಾಡ್ತಾರ. ಆ ಮುದುಕನ ಹೆಸರು ತಗದು ಸಾಹೇಬ್ರ ಫೋಟೋ ಹಾಕ್ರಿ. ಅವನ ಹೆಂಡತಿ ಕಾಕೂನೂ ಬರ್ತಾರ, ಒಂದು ಶಾಲು ಹೊದಿಸಿದ್ರ ಆತು.”

ಮೂರು ವರ್ಷದಿಂದ ನಡೆಯುತ್ತಿದ್ದ ಕ್ಲಾಸಿಗೆ ಈಗ ಉದ್ಘಾಟನೆಯಂತೆ! ಆದರೆ ಕೋಣೆ ಅಧ್ಯಕ್ಷರದು. ಒಲ್ಲೆ ಅಂದರೆ ಕ್ಲಾಸೇ ಬಂದ್. ಹೂಂ ಅಂದೆ.

ಶನಿವಾರ ಗೋರೆಗಾಂವ್‌ನ ಮನೆಯಲ್ಲಿ ಕೂತು ಸಿ.ಡಿ.ಯಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪಿಗೆ ಬಿಚ್ಚಿಕೊಂಡೆ. ಹೆಸರು ಅಳಿಸಿದೆ, ಸಾಲು ಅಳಿಸಿದೆ, ಅಧ್ಯಕ್ಷರ ಹಲ್ಲುಕಿರಿದ ಫೋಟೋ ತುರುಕಿದೆ. ಮತ್ತೆ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ, ಹೊಸ ಸಿ.ಡಿ.ಗೆ ಬರೆದು, ಮೇಲೆ ಪೆನ್ನಿನಿಂದ ತಾರೀಖು ಹಾಕಿದೆ. ನಡೆಸಿಯೂ ನೋಡಿದೆ: ಬರೀ ಫೋಟೋ. ಥೂ ನನ್ನ ಜನ್ಮಕ್ಕಿಷ್ಟು ಎನಿಸಿತು. ಅಂದು ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೊಸ ಸಿ.ಡಿ. ಹಾಕಿಟ್ಟೆ; ಕಾಯಿ ಒಡೆದು ಅಧ್ಯಕ್ಷರು ಗುಂಡಿ ಒತ್ತಿದರು. ಪರದೆಯ ಮೇಲೆ ಕಾಕಾನ ಹೆಸರು! ಕೆಳಗೆ ಅದೇ ಸಾಲು. ಮಕ್ಕಳು ಒಟ್ಟಾಗಿ ಓದಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು.

“ಹಳೇ ಸಿ.ಡಿ. ಹಾಕೀರೇನ್ರಿ?” ಕಾರ್ಯದರ್ಶಿ ಹಲ್ಲು ಕಡಿದ. ತೆಗೆದು ನೋಡಿದೆ. ನಾನು ಬರೆದ ಸಿ.ಡಿ.ಯೇ, ನನ್ನ ಕೈಯ ತಾರೀಖೇ.

ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಎದ್ದು ಬಂದು ನನ್ನ ಕೈ ಹಿಡಿದರು. “ಇವರ ಹೆಸರು ತಗೀತಾರಂತ ಕೇಳಿ ಎದಿ ಒಡದಿತ್ತು ತಮ್ಮಾ. ನೀ ಉಳಿಸಿದಿ. ಹೊಟ್ಟ್ಯಾಗ ಹುಟ್ಟಿದ ಮಗನಕಿಂತ ಹೆಚ್ಚಾದಿ.”

ನಾನು ಸಿ.ಡಿ.ಯನ್ನು ಚೀಲಕ್ಕೆ ತುರುಕಿಕೊಂಡೆ.

ಮನೆಗೆ ಬಂದು ಅದೇ ಸಿ.ಡಿ. ಹಾಕಿದರೆ ಮತ್ತೆ ಅಧ್ಯಕ್ಷರ ಫೋಟೋ. ಒಳಗಿನ ಒಂದೊಂದು ಫೈಲನ್ನೂ ಜಾಲಾಡಿದೆ. ಕಾಕಾನ ಹೆಸರು ಎಲ್ಲೂ ಇಲ್ಲ. ಹಾರ್ಡ್ ಡಿಸ್ಕೇ ಇಲ್ಲದ ಡಬ್ಬದಲ್ಲಿ ಅದು ಬಂದದ್ದಾದರೂ ಎಲ್ಲಿಂದ? ಇವತ್ತಿಗೂ ನನಗೆ ತಿಳಿದಿಲ್ಲ.

ಅಷ್ಟು ಜನರೆದುರು ಚಪ್ಪಾಳೆ ಬಿದ್ದ ಮೇಲೆ ಕ್ಲಾಸ್ ಮುಚ್ಚಿಸಲು ಅಧ್ಯಕ್ಷರಿಗೂ ಬಾಯಿ ಬರಲಿಲ್ಲ. ಪ್ರತಿ ದೀಪಾವಳಿಗೆ ಕಾಕು ನನಗಾಗಿ ಡಬ್ಬಿ ತುಂಬ ಚಕ್ಕಲಿ ಕಳಿಸುತ್ತಾರೆ, ಹೆಸರು ಉಳಿಸಿದ್ದಕ್ಕೆ. ಅದರಲ್ಲಿ ಒಂದನ್ನೂ ಈತನಕ ನುಂಗಲು ನನ್ನಿಂದಾಗಿಲ್ಲ.